‘ಕಾಳಜಿ’ ಮತ್ತು ‘ಕೇರ್’: ಗೋಕಾಕ–ಹುಕ್ಕೇರಿ–ಮೂಡಲಗಿ ಪರಿಸರದ ಆರೈಕೆಯ ಪದಗಳು, ಹಳೆಯ ಇಂಗ್ಲಿಷಿನ ಬೆಳಕಿನಲ್ಲಿ

ಘಟಪ್ರಭಾ ನದಿಯ ಪ್ರವಾಹಗಳು ಬೆಳಗಾವಿ ಜಿಲ್ಲೆಯ ಆಡಳಿತ ಭಾಷೆಗೆ ಒಂದು ಪದವನ್ನು ಗಟ್ಟಿಯಾಗಿ ಕೊಟ್ಟಿವೆ. 2021ರ ಜುಲೈ ತಿಂಗಳಿನಲ್ಲಿಯೂ 2024ರ ಜುಲೈ ತಿಂಗಳಿನಲ್ಲಿಯೂ ಗೋಕಾಕದ ಬಳಿಯ ಲೋಳಸೂರ ಸೇತುವೆ ಮುಳುಗಿ, ನದಿದಂಡೆಯ ಜನರನ್ನು ಶಾಲೆ ಮತ್ತು ಸಮುದಾಯ ಭವನಗಳಿಗೆ ಸ್ಥಳಾಂತರಿಸಿದಾಗ, ಆ ತಾತ್ಕಾಲಿಕ ನೆಲೆಗಳನ್ನು ಸರ್ಕಾರಿ ಪ್ರಕಟಣೆಗಳು ‘ಕಾಳಜಿ ಕೇಂದ್ರ’ ಎಂದು ಕರೆದವು. ಇದಕ್ಕೆ ಹಿಂದೆ ಬಳಕೆಯಲ್ಲಿದ್ದ ಹೆಸರುಗಳು ಎರಡು: ‘ಗಂಜಿ ಕೇಂದ್ರ’ ಮತ್ತು ‘ಪರಿಹಾರ ಕೇಂದ್ರ’. 2019ರ ಆಗಸ್ಟ್ ತಿಂಗಳಿನ ಮಹಾಪೂರದ ವರದಿಗಳಲ್ಲಿ ಈ ಎರಡೂ ಕಾಣುತ್ತವೆ. ಒಂದೇ ವ್ಯವಸ್ಥೆಗೆ ಮೂರು ಹೆಸರುಗಳು ಬಂದಿರುವುದು ಆಕಸ್ಮಿಕವೆಂದು ತೋರಬಹುದು. ಆದರೆ ಮೊದಲನೆಯದು ಅನ್ನದಿಂದ, ಎರಡನೆಯದು ಕಷ್ಟವನ್ನು ದೂರ ಮಾಡುವ ಕ್ರಿಯೆಯಿಂದ, ಮೂರನೆಯದು ಮನಸ್ಸಿನ ಒಂದು ಸ್ಥಿತಿಯಿಂದ ಹುಟ್ಟಿದ ಹೆಸರು. ಈ ಮೂರನೆಯದರ ಚರಿತ್ರೆಯೇ ಪ್ರಸ್ತುತ ಲೇಖನದ ವಿಷಯ.

ಆ ಚರಿತ್ರೆಯನ್ನು ಹಳೆಯ ಇಂಗ್ಲಿಷಿನ ಜೊತೆಗಿಟ್ಟು ನೋಡುವುದೇಕೆಂಬ ಪ್ರಶ್ನೆ ಸಹಜವಾದುದು. ‘ಕಾಳಜಿ ಕೇಂದ್ರ’ವು ಬಳಕೆಗೆ ಬರುತ್ತಿದ್ದ ವರ್ಷಗಳಲ್ಲಿಯೇ, ಅಂದರೆ 2020ರಲ್ಲಿ, ‘ಕೋವಿಡ್ ಕೇರ್ ಸೆಂಟರ್’ ಎಂಬುದು ಊರೂರಿನ ಮಾತಾಗಿತ್ತು. ಇಂಗ್ಲಿಷಿನ ‘ಕೇರ್’ ಪದಕ್ಕೆ ಕನ್ನಡದ ಬರಹವು ‘ಕಾಳಜಿ’ ಮತ್ತು ‘ಆರೈಕೆ’ ಎಂಬ ಎರಡು ಸಮಾನ ಪದಗಳನ್ನು ಬಳಸುತ್ತದೆ. ಇವುಗಳಲ್ಲಿ ‘ಆರೈಕೆ’ ‘ಕೇರ್’ನ ಇಂದಿನ ಅರ್ಥಕ್ಕೆ ಹತ್ತಿರವಾದುದು. ‘ಕಾಳಜಿ’ಯಾದರೋ ‘ಕೇರ್’ನ ಹುಟ್ಟಿನ ಅರ್ಥಕ್ಕೆ ಹತ್ತಿರವಾದುದು. ಪರಸ್ಪರ ಸಂಬಂಧವೇ ಇಲ್ಲದ ಎರಡು ಭಾಷೆಗಳಲ್ಲಿ ಎರಡು ಪದಗಳು ಒಂದೇ ದಾರಿಯನ್ನು ನಡೆದು ಬಂದಿವೆ. ಇಂಗ್ಲಿಷಿನಲ್ಲಿ ಆ ದಾರಿ ಸಾವಿರ ವರ್ಷಗಳ ಲಿಖಿತ ದಾಖಲೆಯಲ್ಲಿ ಕಾಣುತ್ತದೆ. ನಮ್ಮ ಗಡಿನಾಡಿನಲ್ಲಿ ಆ ದಾರಿಯ ಆರಂಭವೂ ಕೊನೆಯೂ ಇಂದಿನ ಜನರ ಬಾಯಲ್ಲಿ ಏಕಕಾಲಕ್ಕೆ ಜೀವಂತವಾಗಿವೆ.

ಮೊದಲು ಇಂಗ್ಲಿಷಿನ ಸಂಗತಿ. ಸುಮಾರು 5ನೆಯ ಶತಮಾನದಿಂದ 11ನೆಯ ಶತಮಾನದವರೆಗೆ ಇಂಗ್ಲೆಂಡಿನಲ್ಲಿ ಬಳಕೆಯಲ್ಲಿದ್ದ ಭಾಷೆಯನ್ನು ವಿದ್ವಾಂಸರು ಹಳೆಯ ಇಂಗ್ಲಿಷ್ ಎಂದು ಕರೆಯುತ್ತಾರೆ. ಅದರಲ್ಲಿ ‘ಕೇರ್’ನ ರೂಪ ‘ಕರು’. ಪಶ್ಚಿಮ ಸ್ಯಾಕ್ಸನ್ ಉಪಭಾಷೆಯಲ್ಲಿ ಅದೇ ‘ಚೆಅರು’. ಅರ್ಥ ದುಃಖ, ಅಳಲು, ಕಳವಳ. ರೋಗಿಯನ್ನು ನೋಡಿಕೊಳ್ಳುವ ಅರ್ಥ ಅದಕ್ಕೆ ಆಗ ಇರಲಿಲ್ಲ. 10ನೆಯ ಶತಮಾನದ ಉತ್ತರಾರ್ಧದ ಎಕ್ಸೆಟರ್ ಹಸ್ತಪ್ರತಿಯಲ್ಲಿ ಉಳಿದಿರುವ ‘ಅಲೆಮಾರಿ’ ಮತ್ತು ‘ಕಡಲಯಾನಿ’ ಎಂಬರ್ಥದ ಹೆಸರುಗಳಿಂದ ಪ್ರಸಿದ್ಧವಾದ ಎರಡು ಕವನಗಳಲ್ಲಿ ಈ ಪದದಿಂದಾದ ಸಮಾಸಗಳು ಬರುತ್ತವೆ. ಎದೆಯ ದುಃಖಕ್ಕೆ ‘ಬ್ರೆಓಸ್ಟ್‌ಚೆಅರು’, ಮನಸ್ಸು ನೊಂದವನಿಗೆ ‘ಮೋಡ್‌ಚೆಅರಿಗ್’, ಚಳಿಗಾಲದಂತೆ ಮರಗಟ್ಟಿದ ವ್ಯಥೆಯುಳ್ಳವನಿಗೆ ‘ವಿಂಟರ್‌ಚೆಅರಿಗ್’. ಒಡೆಯನನ್ನೂ ಊರನ್ನೂ ಕಳೆದುಕೊಂಡವರ, ತಣ್ಣನೆಯ ನೀರಿನ ಮೇಲೆ ಒಂಟಿಯಾದವರ ಪದಗಳಿವು.

ಇಂದು ‘ಜಾಗರೂಕ’ ಎಂಬರ್ಥದ ‘ಕೇರ್‌ಫುಲ್’ ಆಗ ‘ದುಃಖ ತುಂಬಿದ’ ಎಂಬುದಾಗಿತ್ತು. ‘ಚೆಅರಿಗ್’ ಅಂದರೆ ದುಃಖಿತ. ಅದೇ ಮುಂದೆ ‘ಚೇರಿ’ ಎಂಬ ವಿಶೇಷಣವಾಗಿ, ‘ಎಚ್ಚರಿಕೆಯಿಂದ ಹಿಂಜರಿಯುವ’ ಎಂಬ ಅರ್ಥದಲ್ಲಿ ಈಗಲೂ ಇಂಗ್ಲಿಷಿನಲ್ಲಿದೆ. ‘ಕೇರ್’ನಲ್ಲಿ ಕಕಾರವೂ ‘ಚೇರಿ’ಯಲ್ಲಿ ಚಕಾರವೂ ಉಳಿದಿರುವುದು ಹಳೆಯ ಉಪಭಾಷಾಭೇದದ ಕುರುಹು. ಇನ್ನೂ ಗಮನಾರ್ಹವಾದುದು ‘ಕರ್‌ಲೇಆಸ್’ ಎಂಬ ಪದ. ಅದರ ಮೊದಲ ಅರ್ಥ ಚಿಂತೆಯಿಲ್ಲದವನು, ನಿಶ್ಚಿಂತ. ಚಿಂತೆಯಿಲ್ಲದವನು ಹೊಣೆಯಿಲ್ಲದವನೂ ಆಗಿ ತೋರತೊಡಗಿದಾಗ ಅದು ಇಂದಿನ ‘ಕೇರ್‌ಲೆಸ್’ ಆಯಿತು. ನಮ್ಮ ಭಾಗದಲ್ಲಿ ಸಾಮಾನ್ಯವಾಗಿರುವ ‘ಬೇಫಿಕೀರ’ ಎಂಬ ಪದ ನಡೆದ ದಾರಿ ಇದೇ. ಅರಬಿಯ ‘ಫಿಕ್ರ್’ ಅಂದರೆ ವಿಚಾರ, ಅದರಿಂದ ಚಿಂತೆ. ಪಾರಸಿಯ ‘ಬೇ’ ಎಂಬ ನಿಷೇಧ ಸೇರಿ ನಿಶ್ಚಿಂತನೆಂಬ ಅರ್ಥ. ಗೋಕಾಕದ ಸಂತೆಯಲ್ಲಿ ಯಾರನ್ನಾದರೂ ಬೇಫಿಕೀರನೆಂದರೆ ಅದು ಹೊಗಳಿಕೆಯಲ್ಲ.

ಇಲ್ಲಿ ಎರಡು ತಪ್ಪು ಹೋಲಿಕೆಗಳನ್ನು ದೂರವಿಡಬೇಕು. ಲ್ಯಾಟಿನ್ನಿನ ‘ಕೂರಾ’, ಅಂದರೆ ‘ಕ್ಯೂರ್’ನ ಮೂಲ, ‘ಕೇರ್’ಗೆ ಬಂಧುವಲ್ಲ. ಅವುಗಳ ಅರ್ಥ ಹತ್ತಿರ ಬಂದಿದೆಯೇ ಹೊರತು ಹುಟ್ಟು ಬೇರೆ. ಹಾಗೆಯೇ ಹಳೆಯ ಇಂಗ್ಲಿಷಿನ ‘ಕರು’ವನ್ನು ಕಂಡೊಡನೆ ಕನ್ನಡದ ‘ಕರುಳು’, ಸಂಸ್ಕೃತದ ‘ಕರುಣೆ’ಗಳನ್ನು ನೆನೆಯುವುದು ಕಿವಿಯ ಮೋಹ ಮಾತ್ರ. ಭಾಷಾಶಾಸ್ತ್ರದಲ್ಲಿ ಅದಕ್ಕೆ ಆಧಾರವಿಲ್ಲ. ‘ಕರು’ವಿನ ನಿಜವಾದ ಸೋದರ ಪದಗಳು ಜರ್ಮಾನಿಕ್ ಭಾಷೆಗಳಲ್ಲಿವೆ. ಪ್ರಾಚೀನ ಜರ್ಮನ್ನಿನಲ್ಲಿ ಅದು ಗೋಳಾಟ, ಶೋಕ. ಯೇಸು ಶಿಲುಬೆಗೇರಿದ ಶುಕ್ರವಾರಕ್ಕೆ ಜರ್ಮನ್ನರು ಇಂದಿಗೂ ಹೇಳುವ ‘ಕಾರ್‌ಫ್ರೈಟಾಗ್’ ಎಂಬ ಹೆಸರಿನಲ್ಲಿ ಆ ಶೋಕ ಉಳಿದುಕೊಂಡಿದೆ. ಹಳೆಯ ಇಂಗ್ಲಿಷಿನಲ್ಲಿ ದುಃಖಕ್ಕಿದ್ದ ಇನ್ನೊಂದು ಪದ ‘ಸೊರ್ಗ್’, ಇಂದಿನ ‘ಸಾರೋ’. ಅದರ ಜರ್ಮನ್ ರೂಪವಾದ ‘ಜೋರ್ಗೆ’ ಚಿಂತೆ ಮತ್ತು ಆರೈಕೆಯ ಅರ್ಥಕ್ಕೆ ತಿರುಗಿತು. ಒಂದೇ ಮೂಲದ ಎರಡು ಭಾಷೆಗಳಲ್ಲಿ ಎರಡು ಶೋಕಪದಗಳು ಕೆಲಸವನ್ನು ಅದಲುಬದಲು ಮಾಡಿಕೊಂಡಿವೆ. ಆದ್ದರಿಂದ ಶೋಕವು ಆರೈಕೆಯಾಗುವುದು ಒಂದು ಪದದ ಆಕಸ್ಮಿಕವಲ್ಲ, ಅರ್ಥವಿಕಾಸದಲ್ಲಿ ಮತ್ತೆ ಮತ್ತೆ ನಡೆಯುವ ಸಂಗತಿ.

ಕನ್ನಡಕ್ಕೂ ಇದು ಅಪರಿಚಿತವಲ್ಲ. ‘ಮಱುಗು’ ಎಂಬ ಹಳಗನ್ನಡ ಧಾತುವಿಗೆ ಕುದಿ, ಸಂತಾಪಪಡು ಎಂಬ ಅರ್ಥಗಳಿವೆ. ಅದರಿಂದಾದ ‘ಮರುಕ’ ದಯೆ. ತಾನು ಬೇಯುವುದು ಮೊದಲು, ಇನ್ನೊಬ್ಬರಿಗಾಗಿ ಬೇಯುವುದು ಆಮೇಲೆ.

ಈಗ ‘ಕಾಳಜಿ’ಗೆ ಬರಬಹುದು. ಇದು ಮರಾಠಿಯಿಂದ ಬಂದ ಪದ. ಮರಾಠಿಯಲ್ಲಿ ಇದನ್ನು ‘ಕಾಳೀಜ’ ಎಂಬ ಪದದೊಡನೆ ಕೂಡಿಸಿ ವಿವರಿಸುತ್ತಾರೆ. ‘ಕಾಳೀಜ’ವೆಂದರೆ ಯಕೃತ್ತು, ವಾಡಿಕೆಯಲ್ಲಿ ಎದೆ, ಹೃದಯ. ಅದರ ಹಿಂದೆ ಸಂಸ್ಕೃತದ ‘ಕಾಲೇಯಕ’ವಿದೆ. ಭಾವನೆಗಳ ನೆಲೆಯನ್ನು ಕನ್ನಡಿಗರು ಕರುಳಿನಲ್ಲಿಟ್ಟರೆ ಮರಾಠಿಗರು ಯಕೃತ್ತಿನಲ್ಲಿಟ್ಟರು. ಹೆತ್ತವರ ಸಂಕಟವನ್ನು ಹೇಳುವಾಗ ನಾವು ‘ಕರುಳು ಚುರುಕ್ಕೆಂದಿತು’ ಎನ್ನುವುದನ್ನು ನೆನೆದರೆ ‘ಕಾಳಜಿ’ಯ ಒಳಗಿರುವ ದೇಹದ ನೋವು ತಿಳಿಯುತ್ತದೆ. ಮೋಲ್ಸ್‌ವರ್ಥ್‌ನ ಮರಾಠಿ–ಇಂಗ್ಲಿಷ್ ನಿಘಂಟು 1831ರಲ್ಲಿ ಮೊದಲು ಪ್ರಕಟವಾಗಿ 1857ರಲ್ಲಿ ಎರಡನೆಯ ಮುದ್ರಣ ಕಂಡಿತು. 19ನೆಯ ಶತಮಾನದ ಮುಂಬಯಿ ಆಡಳಿತದ ಅಧಿಕಾರಿಗಳು ಈ ಸೀಮೆಯ ಮಾತನ್ನು ಹೆಚ್ಚಾಗಿ ಮರಾಠಿಯ ಕನ್ನಡಿಯಲ್ಲಿ ನೋಡಿದರು.

ಅದಕ್ಕೆ ಚಾರಿತ್ರಿಕ ಕಾರಣಗಳಿವೆ. ಈ ಸೀಮೆ ಪೇಶವೆಗಳ ಕಾಲದ ನಂತರ 1818ರಲ್ಲಿ ಬ್ರಿಟಿಷರ ಕೈಸೇರಿ, 1836ರಲ್ಲಿ ಧಾರವಾಡದಿಂದ ಬೇರ್ಪಟ್ಟ ಬೆಳಗಾವಿ ಜಿಲ್ಲೆಯ ಭಾಗವಾಯಿತು. 1956ರವರೆಗೆ ಅದು ಮುಂಬಯಿಗೆ ಸೇರಿತ್ತು. ಕಚೇರಿಯ ಭಾಷೆಯಾಗಿ, ಶಾಲೆಯ ಭಾಷೆಯಾಗಿ ಮರಾಠಿ ಬೇರೂರಿದ್ದ ಕಾಲದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿದ ಕಥೆ ಸುಪರಿಚಿತ. ಶಾಲೆಯಲ್ಲಿ ಕನ್ನಡ ಗೆದ್ದಿತು. ಮನೆಯೊಳಗೆ ಮಾತ್ರ ಕಾಳಜಿ, ಜತನ ಮುಂತಾದ ಮಾತುಗಳು ಆಗಲೇ ಕನ್ನಡವಾಗಿಬಿಟ್ಟಿದ್ದವು. ‘ಜತನ’ವು ಸಂಸ್ಕೃತದ ‘ಯತ್ನ’ವೇ ಆಗಿದ್ದರೂ ಮರಾಠಿಯ ದಾರಿಯಿಂದ ಬಂದು ‘ಜೋಪಾನ’ದ ಅರ್ಥ ಪಡೆದಿದೆ. ಪ್ರಯತ್ನವು ಕಾಪಾಡುವಿಕೆಯಾಗಿದೆ.

ಉತ್ತರ ಕರ್ನಾಟಕದ ಆಡುಮಾತಿನಲ್ಲಿ ‘ಕಾಳಜಿ’ಯ ಪ್ರಯೋಗಗಳನ್ನು ಗಮನಿಸಬೇಕು. ‘ಕಾಳಜಿ ಮಾಡಬ್ಯಾಡ್ರಿ’ ಅಂದರೆ ಚಿಂತಿಸಬೇಡಿ. ‘ಮಗಂದು ಕಾಳಜಿ ಹತ್ತೇತಿ’ ಎಂಬಲ್ಲಿ ಅದು ಜ್ವರದಂತೆ, ಕೆಮ್ಮಿನಂತೆ ತಗಲುವ ವಸ್ತು. ‘ಕಾಳಜಿಯಿಂದ ನೋಡಕೊಂಡ್ರು’ ಎಂಬಲ್ಲಿ ಆರೈಕೆ. ಒಂದೇ ಮನೆಯಲ್ಲಿ, ಒಂದೇ ದಿನ, ಒಬ್ಬರ ಬಾಯಲ್ಲಿಯೇ ಈ ಮೂರೂ ಬರುತ್ತವೆ, ಕೇಳುವವರಿಗೆ ಗೊಂದಲವಾಗುವುದಿಲ್ಲ. ಆದರೆ ದಕ್ಷಿಣದ ಬರಹದ ಕನ್ನಡದಲ್ಲಿ ‘ಕಾಳಜಿ ವಹಿಸು’ ಎಂಬ ಒಂದೇ ಬಳಕೆ ಪ್ರಮುಖವಾಗಿದೆ. ಅಲ್ಲಿ ಕಾಳಜಿಯು ವಹಿಸಿಕೊಳ್ಳುವ ಹೊಣೆ, ಹತ್ತಿಕೊಳ್ಳುವ ಬೇನೆಯಲ್ಲ. ಪ್ರಮಾಣ ಭಾಷೆ ಪದವನ್ನು ಸ್ವೀಕರಿಸಿ ಅದರ ದುಃಖವನ್ನು ಗಡಿಯಲ್ಲಿಯೇ ಬಿಟ್ಟಿತೆಂದು ಹೇಳಿದರೆ ತಪ್ಪಾಗಲಾರದು. ಇಂಗ್ಲಿಷಿನಲ್ಲಿಯೂ ‘ಕೇರ್’ನ ದುಃಖ ಕ್ರಮೇಣ ಹಿಂದೆ ಸರಿಯಿತು, ಪೂರ್ಣವಾಗಿ ಹೋಗಲಿಲ್ಲ. ಚಿಂತೆಯಿಂದ ಸವೆದ ಮುಖಕ್ಕೆ ‘ಕೇರ್‌ವೋರ್ನ್’ ಎನ್ನುವುದು ಉಳಿದಿದೆ. ವಿನೋದವೆಂದರೆ ನಮ್ಮವರು ಆ ಪದವನ್ನೇ ಕಡ ಪಡೆದು ‘ಅಂವ ಯಾರಿಗೂ ಕೇರ್ ಮಾಡೂದಿಲ್ಲ’ ಎಂದಾಗ, ಅದರಲ್ಲಿ ಆರೈಕೆಯ ಸುಳಿವಿಲ್ಲ. ‘ಅವನಿಗೆ ಯಾರ ಭಯವೂ ಇಲ್ಲ’ ಎಂಬ ಹಳೆಯ ಕಳವಳದ ನೆರಳೇ ಇದೆ. ಅಂಚೆಯ ವಿಳಾಸದ ‘ಕೇರಾಫ್’ ಇನ್ನೊಂದು ತುದಿ. ಅಲ್ಲಿ ಅದು ಯಾರದೋ ಹೊಣೆಯಲ್ಲಿರುವುದು.

ಮನೆಯ ಈ ಪದಗಳಿಗೆದುರಾಗಿ ಅರಮನೆ ಮತ್ತು ಬಸದಿಯ ಪದಗಳಿವೆ. ರಟ್ಟರು ಆಳಿದ ಕೂಂಡಿ ಮೂರುಸಾವಿರ ನಾಡಿನಲ್ಲಿ ಇಂದಿನ ಗೋಕಾಕ ಪರಿಸರವೂ ಸೇರಿತ್ತು. ಗೋಕಾಕ ತಾಲೂಕಿನ ಕೊಣ್ಣೂರಿನ ಶಾಸನ, ಮೊದಲು ಗೋಕಾಕಕ್ಕೆ ಸೇರಿದ್ದು ಈಗ ಮೂಡಲಗಿ ತಾಲೂಕಿನಲ್ಲಿರುವ ಕಲ್ಲೋಳಿಯ 13ನೆಯ ಶತಮಾನದ ಆದಿಭಾಗದ ನಾಲ್ಕನೆಯ ಕಾರ್ತವೀರ್ಯನ ಕಾಲದ ಶಾಸನ, ಇವನ್ನು ಜೆ. ಎಫ್. ಫ್ಲೀಟ್ 19ನೆಯ ಶತಮಾನದಲ್ಲಿಯೇ ವಿದ್ವಲ್ಲೋಕದ ಗಮನಕ್ಕೆ ತಂದರು. ಇಂಥ ದಾನಶಾಸನಗಳ ಭಾಷೆಯಲ್ಲಿ ರಕ್ಷಣೆಯ ಪದಗಳಿಗೆ ಕೊರತೆಯಿಲ್ಲ. ಅರಸನ ಕೆಲಸ ಶಿಷ್ಟಪ್ರತಿಪಾಲನ. ದತ್ತಿಯನ್ನು ಪ್ರತಿಪಾಲಿಸಿದವರಿಗೆ ಪುಣ್ಯ, ಅಳಿದವರಿಗೆ ಪಾಪ. ಕಾಯ್, ಪೊರೆ, ಓವು, ಸಲಹು ಎಂಬ ಅಚ್ಚಗನ್ನಡ ಧಾತುಗಳೂ ಈ ವರ್ಗಕ್ಕೆ ಸೇರುತ್ತವೆ. ಇವುಗಳ ಕರ್ಮ ಸಾಮಾನ್ಯವಾಗಿ ನೆಲ, ಧರ್ಮ, ನಾಡು, ತುರು. ಕಾಯುವವನು ಮೇಲಿರುತ್ತಾನೆ, ಕಾಯಲ್ಪಡುವುದು ಕೆಳಗಿರುತ್ತದೆ. ರೋಗಗ್ರಸ್ತ ದೇಹ ಈ ಶಬ್ದಾವಳಿಯಲ್ಲಿ ಅಪರೂಪ. ಜೈನ ಸಂಪ್ರದಾಯದ ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನದಲ್ಲಿ ಔಷಧಕ್ಕೆ ಒಂದು ಸ್ಥಾನ ದೊರೆತಿರುವುದು ಆ ಮಟ್ಟಿಗೆ ಮಹತ್ತ್ವದ್ದು.

ಹಳೆಯ ಇಂಗ್ಲಿಷಿನಲ್ಲಿಯೂ ಇಂಥ ವರ್ಗವೊಂದು ಪ್ರತ್ಯೇಕವಾಗಿತ್ತು. ‘ಮುಂಡ್’ ಎಂದರೆ ಕೈ, ಅದರಿಂದ ಒಡೆಯನ ಅಥವಾ ಅರಸನ ಆಶ್ರಯ. ‘ವೆಅರ್ಡ್’ ಎಂದರೆ ಕಾವಲುಗಾರ, ಕಾವಲು. ಇದೇ ಇಂದಿನ ‘ವಾರ್ಡ್’. ಪುರಸಭೆಯ ವಾರ್ಡು, ಆಸ್ಪತ್ರೆಯ ವಾರ್ಡು ಎರಡರಲ್ಲಿಯೂ ಹಳೆಯ ಕಾವಲುಗಾರನಿದ್ದಾನೆ. ಇದೇ ಮೂಲದ ಪದ ಫ್ರೆಂಚರ ಬಾಯಿಂದ ಸುತ್ತಿ ಬಂದು ‘ಗಾರ್ಡ್’ ಆಯಿತು. ವೈದ್ಯನಿಗೆ ಹಳೆಯ ಇಂಗ್ಲಿಷಿನ ಹೆಸರು ‘ಲ್ಯಾಚೆ’, ಚಿಕಿತ್ಸೆಯ ಮನೆಗೆ ‘ಲ್ಯಾಚೆಹೂಸ್’. ಬಾಲ್ಡನ ಹೆಸರಿನ 10ನೆಯ ಶತಮಾನದ ವೈದ್ಯಗ್ರಂಥ ಈ ಪದದಿಂದಲೇ ಪ್ರಸಿದ್ಧವಾಗಿದೆ. ನಾರ್ಮನ್ನರು 1066ರಲ್ಲಿ ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಮೂಲದ ‘ಹಾಸ್ಪಿಟಲ್’, ‘ನರ್ಸ್’ ಮುಂತಾದವು ಕ್ರಮೇಣ ನೆಲೆಗೊಂಡವು. ‘ಲ್ಯಾಚೆಹೂಸ್’ ಕಾಣೆಯಾಯಿತು. ಸಂಸ್ಥೆಯ ಪದಗಳು ಹೊರಗಿನಿಂದ ಬಂದರೂ ಮನಸ್ಸಿನ ಪದವಾದ ‘ಕೇರ್’ ಉಳಿದುಕೊಂಡಿತು.

ನಮ್ಮಲ್ಲಿ ಸಂಸ್ಥೆಯ ಪದಗಳು ಒಂದರ ಮೇಲೊಂದು ಪದರಗಳಾಗಿ ಬಿದ್ದಿವೆ. ಆದಿಲಶಾಹಿ ಕಾಲದ ಗುಮ್ಮಟಗಳನ್ನುಳ್ಳ ಹುಕ್ಕೇರಿಯಂಥ ಊರಿನಲ್ಲಿ ಪಾರಸಿಯ ಪದರ ಕಣ್ಣಿಗೂ ಕಿವಿಗೂ ಸಿಗುತ್ತದೆ. ‘ದವಾಖಾನೆ’ ಆ ಕಾಲದ ಕೊಡುಗೆ. ಒಬ್ಬರನ್ನೊಬ್ಬರು ‘ಆರಾಮ ಅದೀರಿ?’ ಎಂದು ಕೇಳುವಾಗ ಪಾರಸಿಯ ‘ಆರಾಮ’ವೇ ಆರೋಗ್ಯವಾಗುತ್ತದೆ. ಅದರ ಮೇಲೆ ನರ್ಸು, ವಾರ್ಡು, ಕಂಪೌಂಡರು ಎಂಬ ಇಂಗ್ಲಿಷ್ ಪದರ. ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಸಂಸ್ಕೃತದ ಪದರ ಮತ್ತೆ ಮೇಲಕ್ಕೆ ಬಂದಿತು. ಗೋಕಾಕ ತಾಲೂಕಿನ ಘಟಪ್ರಭಾದಲ್ಲಿ ತಲೆಯೆತ್ತಿದ ಚಿಕಿತ್ಸಾಸಂಸ್ಥೆ ‘ಆರೋಗ್ಯಧಾಮ’ವೆಂದು ಹೆಸರಾಯಿತು. ಡಾ. ನಾ. ಸು. ಹರ್ಡೀಕರರು 1923ರಲ್ಲಿ ಕಟ್ಟಿದ ಹಿಂದೂಸ್ತಾನಿ ಸೇವಾದಳದ ಹೆಸರಿನಲ್ಲಿ ‘ಸೇವೆ’ ರಾಷ್ಟ್ರಕಾರ್ಯವಾಯಿತು. ರೋಗಿಯ ಉಪಚಾರಕ್ಕೆ ಬಳಸುವ ‘ಶುಶ್ರೂಷೆ’ಯ ಮೂಲಾರ್ಥ ‘ಕೇಳಬೇಕೆಂಬ ಇಚ್ಛೆ’ ಎಂಬುದನ್ನು ಇಲ್ಲಿ ಸ್ಮರಿಸಬಹುದು. ಗುರುವಿನ ಮಾತಿಗೆ ಕಿವಿಗೊಡುವ ಶಿಷ್ಯನ ಪದವು ಹಾಸಿಗೆ ಹಿಡಿದವರ ನರಳಿಕೆಗೆ ಕಿವಿಗೊಡುವವರ ಪದವಾಗಿದೆ. ‘ಆರೈಕೆ’ಯೂ ಹೀಗೆಯೇ. ‘ಆರಯ್’ ಎಂದರೆ ಹುಡುಕು, ವಿಚಾರಿಸಿ ನೋಡು. ಒಂದು ಕಿವಿಯಿಂದ, ಇನ್ನೊಂದು ಕಣ್ಣಿನಿಂದ ಹುಟ್ಟಿದ ಪದ. ಎರಡರಲ್ಲಿಯೂ ಆರೈಕೆ ಮಾಡುವವರ ನೋವಿನ ಪ್ರಸ್ತಾಪವಿಲ್ಲ. ಅದಿರುವುದು ‘ಕಾಳಜಿ’ಯಲ್ಲಿ, ‘ಮರುಕ’ದಲ್ಲಿ.

ಇನ್ನು ‘ಗಂಜಿ ಕೇಂದ್ರ’. ಇದನ್ನು ಕೀಳೆಂದು ಬಗೆದು ‘ಕಾಳಜಿ ಕೇಂದ್ರ’ವನ್ನು ಸಭ್ಯವೆಂದು ಎಣಿಸುವ ಭಾವನೆ ಅಧಿಕೃತ ವಲಯದಲ್ಲಿದ್ದರೆ ಆಶ್ಚರ್ಯವಿಲ್ಲ. ಗಂಜಿಗೆ ಬರಗಾಲದ ನೆನಪು ಅಂಟಿಕೊಂಡಿದೆ, ಸಾಲಿನಲ್ಲಿ ಪಾತ್ರೆ ಹಿಡಿದು ನಿಂತ ಅವಮಾನವೂ ಅಂಟಿಕೊಂಡಿದೆ. ಆದರೆ ಹಳೆಯ ಇಂಗ್ಲಿಷಿನ ‘ಫೋಸ್ಟರ್’ ಎಂಬ ನಾಮಪದದ ಅರ್ಥ ಆಹಾರ ಎಂಬುದನ್ನು ಗಮನಿಸಬೇಕು. ಉಣಿಸಿ ಸಾಕಿದವಳು ‘ಫೋಸ್ಟರ್‌ಮೋಡರ್’, ಸಾಕುತಾಯಿ. ಫ್ರೆಂಚಿನಿಂದ ಬಂದ ‘ನರ್ಸ್’ ಕೂಡ ಮೂಲದಲ್ಲಿ ಹಾಲೂಡುವವಳು. ಅನ್ನದಿಂದ ಆರೈಕೆಯ ಪದ ಹುಟ್ಟುವುದು ಎಲ್ಲೆಡೆಯ ಕ್ರಮ, ಅದರಲ್ಲಿ ಕೀಳರಿಮೆಗೆ ಕಾರಣವಿಲ್ಲ. ‘ಪರಿಹಾರ’ದ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಅದು ಅರ್ಜಿ ಮತ್ತು ಹಣದ ಲೆಕ್ಕಕ್ಕೆ ಒಗ್ಗಿಹೋದ ಪದ.

ಹೀಗಿರುವಲ್ಲಿ ‘ಕಾಳಜಿ ಕೇಂದ್ರ’ ಎಂಬ ಫಲಕವನ್ನು ಓದುವವರು ಯಾರೆಂಬುದು ಮುಖ್ಯವಾಗುತ್ತದೆ. ಹೆಸರಿಟ್ಟವರ ಮನಸ್ಸಿನಲ್ಲಿ ಪ್ರಮಾಣ ಕನ್ನಡದ ‘ಕಾಳಜಿ ವಹಿಸು’ ಇದೆ. ಒಳಗೆ ಚಾಪೆ ಹಾಸಿಕೊಂಡು ಕುಳಿತವರ ಮನಸ್ಸಿನಲ್ಲಿ ಹಿಡಕಲ್ ಜಲಾಶಯದಿಂದ ಬಿಡುವ ನೀರಿನ ಕಾಳಜಿ, ಕೊಟ್ಟಿಗೆಯ ದನದ ಕಾಳಜಿ, ಗೋಡೆ ಬಿದ್ದಿತೋ ನಿಂತಿತೋ ಎಂಬ ಕಾಳಜಿ ಇದೆ. ಮಣ್ಣಿನ ಗೋಡೆಗಳ ಮನೆಗಳಲ್ಲಿ ಈ ಕೊನೆಯದು ಸಣ್ಣ ವಿಷಯವಲ್ಲ. ಹಿರಣ್ಯಕೇಶಿಯ ನೀರು ಹೊಕ್ಕ ಹುಕ್ಕೇರಿ ತಾಲೂಕಿನ ಸಂಕೇಶ್ವರದ ಓಣಿಗಳಲ್ಲಿ 2019ರಲ್ಲಿ ಇದು ಕಂಡಿದೆ. ಕೇಂದ್ರದಲ್ಲಿದ್ದ ಒಬ್ಬಾಕೆ ಅಧಿಕಾರಿಗಳೆದುರು ‘ಕಾಳಜಿ ಭಾಳ ಆಗೇತ್ರಿ’ ಎಂದರೆ, ಬರೆದುಕೊಳ್ಳುವವರು ದಕ್ಷಿಣದವರಾಗಿದ್ದರೆ ಅದನ್ನು ಕೃತಜ್ಞತೆಯೆಂದು ತಿಳಿದು ದಾಖಲಿಸುವ ಸಾಧ್ಯತೆ ಇದೆ. ನಾಳೆ ಆ ದಾಖಲೆ ಪತ್ರಾಗಾರ ಸೇರುತ್ತದೆ. ಪ್ರವಾಹದ ಚರಿತ್ರೆಯನ್ನು ಬರೆಯುವವರು ಅದನ್ನು ಓದುತ್ತಾರೆ. ಒಂದು ಪದದ ಎರಡು ಅರ್ಥಗಳ ನಡುವೆ ಜನರ ದೂರು ಹೊಗಳಿಕೆಯಾಗಿ ಬದಲಾಗಬಹುದು.

ಎಕ್ಸೆಟರ್ ಹಸ್ತಪ್ರತಿಯ ಕವನದಲ್ಲಿ ‘ಚೆಅರು’ ಬಂದಾಗ ಅದನ್ನು ಇಂದಿನ ‘ಕೇರ್’ ಎಂದು ಓದಿದರೆ ಕಡಲಯಾನಿಯ ಅಳಲು ಯಾರದೋ ಉಪಚಾರವಾಗಿಬಿಡುತ್ತದೆ. ಆ ತಪ್ಪು ಆಗದಂತೆ ಕಾಯಲು ಇಂಗ್ಲಿಷಿನವರಿಗೆ ಬಾಸ್‌ವರ್ಥ್ ಮತ್ತು ಟಾಲರ್ ಸಿದ್ಧಪಡಿಸಿದ ಆಂಗ್ಲೋ–ಸ್ಯಾಕ್ಸನ್ ನಿಘಂಟಿದೆ. 1928ರಲ್ಲಿ ಪೂರ್ಣಗೊಂಡ ಆಕ್ಸ್‌ಫರ್ಡ್ ನಿಘಂಟಿನ ಚಾರಿತ್ರಿಕ ಪ್ರಯೋಗಗಳ ಸಾಲಿದೆ. ಕನ್ನಡದಲ್ಲಿ 1894ರಷ್ಟು ಹಿಂದೆಯೇ ಕಿಟ್ಟೆಲ್ ತಮ್ಮ ನಿಘಂಟಿನಲ್ಲಿ ದಕ್ಷಿಣ ಮರಾಠಾ ಸೀಮೆಯ ಬಳಕೆಗಳಿಗೆ ಪ್ರತ್ಯೇಕ ಸಂಕೇತ ಕೊಟ್ಟರು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಶಾಸನ ಮತ್ತು ಕಾವ್ಯಗಳ ಪ್ರಯೋಗಗಳನ್ನು ಕಾಲಾನುಕ್ರಮದಲ್ಲಿ ಕೊಡುವ ಮಹತ್ಕಾರ್ಯವನ್ನು ಸಾಧಿಸಿತು. ಆದರೆ ‘ಕಾಳಜಿ’ಯಂಥ ಪದದ ಬದುಕು ಶಾಸನ, ಕಾವ್ಯಗಳಲ್ಲಿಲ್ಲ. ಅದು ಅಡುಗೆಮನೆಯಲ್ಲಿದೆ, ದವಾಖಾನೆಯ ಜಗಲಿಯ ಮೇಲಿದೆ, ಹೊಲದ ಬದುವಿನಲ್ಲಿದೆ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಆಡುಮಾತಿನ ಪ್ರಯೋಗಗಳನ್ನು ಊರು, ವರ್ಷ, ಸಂದರ್ಭ ಸಹಿತವಾಗಿ ಸಂಗ್ರಹಿಸುವ ಕಾರ್ಯಕ್ಕೆ ಪ್ರವಾಹದ ನಿರೂಪಣೆಗಳಿಗಿಂತ ಉತ್ತಮವಾದ ಆರಂಭ ದೊರೆಯುವುದು ಕಷ್ಟ. ಏಕೆಂದರೆ ಅಲ್ಲಿ ಕಾಳಜಿಯ ಮೂರು ಅರ್ಥಗಳೂ ಒಂದೇ ಸೂರಿನಡಿ ಸೇರುತ್ತವೆ. ಅಂಥ ಸಂಗ್ರಹದಲ್ಲಿ ‘ಗಂಜಿ ಕೇಂದ್ರ’ಕ್ಕೂ ಒಂದು ನಮೂದು ಇರಲೇಬೇಕು. ಫಲಕ ಬದಲಾದರೂ ನದಿದಂಡೆಯ ಊರುಗಳ ಮಾತಿನಿಂದ ಆ ಹೆಸರು ಇನ್ನೂ ಅಳಿದಿಲ್ಲ.